ಮಾವ ಬಿಡದ ಬ್ರೇಕು

ನನ್ನ ಸೋದರತ್ತೆ ಮೊನ್ನೆಮೊನ್ನೆಯವರೆಗೂ ಗಂಡನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಊರೂರು ತಿರುಗುತ್ತಿದ್ದಳು. ಅದರಲ್ಲೇನು ಮಹಾ, ಈಗ ಹೆಂಗಸರು ವಿಮಾನವನ್ನೇ ಹಾರಿಸುತ್ತಾರೆ ಅನ್ನುತ್ತೀರಾ? ಮಹಾ ಇರುವುದು ಅತ್ತೆಯಲ್ಲಿ ಅಲ್ಲ, ಹಿಂದೆ ಕೂತ ಮಾವನಲ್ಲಿ. ಅವರು ಲಿಂಗೈಕ್ಯರಾಗಿ ಎರಡು ವರ್ಷ ಕಳೆದಿದೆ!

ನಗಬೇಡಿ. ನಾನೂ ಮೊದಲು ನಕ್ಕವನೇ. ತಾಂಡೂರಿನ ಒಂದು ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ ಮಷೀನು ನೋಡಿಕೊಳ್ಳುವ ಕೆಲಸ ನನ್ನದು. ದಿನವಿಡೀ ಆ ಗದ್ದಲದಲ್ಲಿ ಇರುವವನ ಕಿವಿಯಲ್ಲಿ ದೆವ್ವ ಬಂದು ಕೂಗಿದರೂ ಕೇಳಿಸುವುದಿಲ್ಲ. ಅಂಥ ನನಗೇ ಕೇಳಿಸಿತು ಅಂದಮೇಲೆ ವಿಷಯ ಸಣ್ಣದಲ್ಲ ಎಂದು ತಿಳಿಯಿರಿ.

ಮೊದಲು ಇಬ್ಬರನ್ನೂ ಪರಿಚಯಿಸಿಬಿಡುತ್ತೇನೆ. ಮಾವ ನಾರಾಯಣಖೇಡದ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದರು. ಆರಡಿಯ ಆಳು, ಮೊರದಗಲ ಅಂಗೈ, ಮಾತು ಕಡಿಮೆ. ಯಾವುದನ್ನು ಕಂಡರೂ ಮೂಗಿನಲ್ಲೇ ಒಂದು 'ಹ್ಞೂಂ' ಎಳೆಯುತ್ತಿದ್ದರು. ಆ 'ಹ್ಞೂಂ' ಒಪ್ಪಿಗೆಯೋ ಬೈಗುಳವೋ ದನಗಳಿಗೆ ಗೊತ್ತಾಗುತ್ತಿತ್ತು, ನಮಗೆ ಆಗುತ್ತಿರಲಿಲ್ಲ. ಅತ್ತೆ ಅವರ ಎದೆಮಟ್ಟಕ್ಕೂ ಬರುವುದಿಲ್ಲ. ನಾಲ್ಕೂವರೆ ಅಡಿ ಎಂದರೆ ಅವಳಿಗೆ ಸಿಟ್ಟು, "ಮ್ಯಾಲ ಎರಡು ಬಟ್ಟು ಹಚ್ಚಿ ಹೇಳು" ಅನ್ನುತ್ತಾಳೆ. ಆದರೆ ಆ ಗಿಡ್ಡ ಮೈಗೆ ತಕ್ಕ ತೆಳ್ಳನೆಯ ಕೈ ಇತ್ತಲ್ಲ, ಅದೇ ಅವಳ ಭಾಗ್ಯ. ಎಮ್ಮೆಯ ಹೊಟ್ಟೆಯಲ್ಲಿ ಕರು ಅಡ್ಡ ತಿರುಗಿದರೆ ಮಾವನ ಮೊರದಂಥ ಕೈ ಒಳಗೆ ಹೋಗುತ್ತಿರಲಿಲ್ಲ. ಹೆಂಡತಿಯನ್ನು ಬೈಕಿನ ಮೇಲೆ ಕೂರಿಸಿಕೊಂಡು ಓಡುತ್ತಿದ್ದರು. ಅವಳು ಕರುವಿನ ಕಾಲು ಹುಡುಕಿ ನೆಟ್ಟಗೆ ಮಾಡುವಳು, ಅವರು ಎಳೆಯುವರು. ಹೀಗೆ ಮೂವತ್ತು ವರ್ಷ.

"ಮೂವತ್ತು ವರ್ಷದಾಗ ನಾ ಊರೂ ನೋಡಿಲ್ಲ, ಹೊಲಾನೂ ನೋಡಿಲ್ಲ. ನಿಮ್ಮ ಮಾಮಾನ ಬೆನ್ನು ನೋಡೀನಿ!" ಎನ್ನುತ್ತಿದ್ದಳು ಅತ್ತೆ.

ಅವಳಿಗೆ ಬೈಕು ಹೊಡೆಯುವ ಹುಚ್ಚು ಮೊದಲಿಂದಲೂ ಇತ್ತು. ಕೇಳಿದಾಗಲೆಲ್ಲ ಮಾವನ ಉತ್ತರ ಒಂದೇ. "ಮೊದಲ ನಿನ್ನ ಕಾಲು ಬ್ರೇಕಿಗಿ ಮುಟ್ಟಲಿ. ಆಮ್ಯಾಲ ಗಾಡಿ ಮುಟ್ಟು." ಒಮ್ಮೆ ನಮ್ಮೆಲ್ಲರ ಎದುರೇ ಅವಳನ್ನು ಬೈಕಿನ ಮೇಲೆ ಕೂರಿಸಿ ಪರೀಕ್ಷೆಯನ್ನೂ ಮಾಡಿದ್ದರು. ಪಾದ ಊರುವ ಕಡ್ಡಿಯ ಮೇಲೆ ಹಿಮ್ಮಡಿ ಇಟ್ಟರೆ ಅವಳ ಬೆರಳು ಬ್ರೇಕಿನ ಪೆಡಲಿಗೆ ಒಂದು ಅಂಗುಲ ಈಚೆಗೆ ಗಾಳಿಯಲ್ಲಿ ಆಡುತ್ತಿತ್ತು. ಮಾವ 'ಹ್ಞೂಂ' ಅಂದರು. ನಾವು ನಕ್ಕೆವು. ಅತ್ತೆ ಇಳಿದು ಒಳಗೆ ಹೋಗಿ ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ.

ಆಮೇಲೆ ಮಾವ ನಿವೃತ್ತರಾದರು, ಜಹೀರಾಬಾದಿನ ಮನೆಗೆ ಬಂದರು, ಕಾಯಿಲೆ ಬಿದ್ದರು, ಒಂದು ಸೋಮವಾರ ಹೋಗಿಬಿಟ್ಟರು. ಅವರ ಕಾರ್ಯ ಮುಗಿದು ತಿಂಗಳಾಗಿರಲಿಲ್ಲ, ರಾಯಿಕೋಡಿನ ಕಡೆಯ ಹಳ್ಳಿಯಿಂದ ಫೋನು ಬಂತು. ಎಮ್ಮೆ ಎರಡು ದಿನದಿಂದ ಒದ್ದಾಡುತ್ತಿದೆ, ಅಮ್ಮಾರ ಬರಬೇಕು. ಬಸ್ಸಿಲ್ಲ, ಮಗ ಊರಲ್ಲಿಲ್ಲ. ಅತ್ತೆ ಸೀರೆಯ ಕಚ್ಚೆ ಹಾಕಿ, ಮಾವನ ಬೈಕನ್ನು ಅಂಗಳದಿಂದ ತಳ್ಳಿಕೊಂಡು ಹೊರಟೇಬಿಟ್ಟಳು! ಮೂವತ್ತು ವರ್ಷ ಬೆನ್ನ ಹಿಂದಿನಿಂದ ಇಣುಕಿ ಇಣುಕಿ ಗೇರು, ಕ್ಲಚ್ಚು ಎಲ್ಲ ಕಲಿತಿದ್ದಳಂತೆ. ಮೂರು ಸಲ ಬಿದ್ದಳು, ನಾಲ್ಕನೆಯ ಸಲ ಹೋದಳು, ಎಮ್ಮೆಯನ್ನೂ ಉಳಿಸಿದಳು, ಕರುವನ್ನೂ ಉಳಿಸಿದಳು. ಸಂಜೆ ಬಂದು ಮಾವನ ಫೋಟೋದ ಮುಂದೆ ನಿಂತು, ಸಗಣಿ ಮೆತ್ತಿದ ಪಾದ ಎತ್ತಿ ತೋರಿಸಿದಳು.

"ನೋಡ್ರಿ, ಮುಟ್ತು! ಬರೋಬರಿ ಮುಟ್ತು! ಮೂವತ್ತು ವರ್ಷ ಸುಳ್ಳು ಹೇಳಿದ್ರಿ!"

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಯಾಕೆಂದರೆ ಆ ದಿನದಿಂದಲೇ ಬೈಕು ಭಾರವಾಗಿತ್ತು.

ಒಬ್ಬಳೇ ಹೋಗುತ್ತಿದ್ದರೂ ಹಿಂದೆ ಯಾರೋ ಕೂತ ಹಾಗೆ ಇಂಜಿನ್ನು ಏದುಸಿರು ಬಿಡುತ್ತಿತ್ತು. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಬಿಟ್ಟರೆ ಬೇರೆ ಬೈಕುಗಳು ತಾವೇ ಉರುಳುತ್ತವೆ. ಇದು ಇಳಿಜಾರಿನಲ್ಲೂ ನಿಲ್ಲುತ್ತಿತ್ತು, ಹಿಂದೆ ಕೂತವರು ನೆಲಕ್ಕೆ ಕಾಲು ಊರಿ ತಡೆದ ಹಾಗೆ. ಬೇರೆಯವರಾಗಿದ್ದರೆ ಗಾಡಿ ರಿಪೇರಿ ಮಾಡುವ ಮಿಸ್ತ್ರಿಯ ಹತ್ತಿರ ಹೋಗುತ್ತಿದ್ದರು. ಅತ್ತೆ ಒಂದು ವಾರ ಯೋಚಿಸಿ ತೀರ್ಪು ಕೊಟ್ಟಳು. "ನಿಮ್ಮ ಮಾಮಾಗ ನನ್ನ ಮ್ಯಾಲ ಭರೋಸಾ ಇಲ್ಲ. ಹಿಂದ ಕುಂತು ಬ್ರೇಕ್ ಹಿಡೀಲಿಕತ್ಯಾರ. ಜೀವಾ ಇದ್ದಾಗ ಮುಂದ ಕುಂತ್ರು, ಈಗ ಹಿಂದ ಕುಂತಾರ. ಕುಂದ್ರಲಿ ಬಿಡು."

ಅಂದಿನಿಂದ ಹಿಂದಿನ ಸೀಟು ಮಾವನದಾಯಿತು. ಮೊಮ್ಮಗಳನ್ನೂ ಅಲ್ಲಿ ಕೂರಿಸುತ್ತಿರಲಿಲ್ಲ. ದಿಬ್ಬ ಹತ್ತುವಾಗ ಕತ್ತು ಹಿಂದಕ್ಕೆ ವಾಲಿಸಿ, "ಜರಾ ಮುಂದ ಸರೀರಿ" ಅನ್ನುತ್ತಿದ್ದಳು. ಪೆಟ್ರೋಲ್ ಪಂಪಿನಲ್ಲಿ ಗಾಳಿ ಹಾಕುವವನು ಎಷ್ಟು ಹಾಕಲಿ ಎಂದು ಕೇಳಿದರೆ "ಇಬ್ಬರ ಗಾಳಿ ಹಾಕ್ರಿ" ಅನ್ನುತ್ತಿದ್ದಳು. ಅವನು ಖಾಲಿ ಸೀಟು ನೋಡುತ್ತಿದ್ದ, ಅತ್ತೆಯ ಮುಖ ನೋಡುತ್ತಿದ್ದ, ಇಬ್ಬರ ಗಾಳಿ ಹಾಕುತ್ತಿದ್ದ. ಅತ್ತೆಯ ಮುಖ ನೋಡಿದ ಮೇಲೆ ಎರಡನೆಯ ಪ್ರಶ್ನೆ ಕೇಳುವ ಧೈರ್ಯ ಯಾರಿಗಿದೆ?

ಹಿಂದಿನ ಕೆಂಪು ದೀಪದ್ದು ಇನ್ನೊಂದು ಕಥೆ. ನಟ್ಟನಡು ಹಗಲಲ್ಲೂ ಅದು ಉರಿಯುತ್ತಲೇ ಇರುತ್ತಿತ್ತು. ಒಬ್ಬ ಲಾರಿ ಡ್ರೈವರು ಚಹಾದಂಗಡಿಯಲ್ಲಿ ಹೇಳುತ್ತಿದ್ದನಂತೆ: "ಆ ಅಮ್ಮಾ ಜಹೀರಾಬಾದಿಂದ ನಾರಾಯಣಖೇಡ ತನಕಾ ಬ್ರೇಕ್ ಹಾಕ್ಕೊಂಡೇ ಹೋದ್ಳು! ಈಗ ನಿಂದರ್ತಾಳ, ಈಗ ನಿಂದರ್ತಾಳ ಅಂತ ನಾ ಹಿಂದ ಹಿಂದ ಹೋಗಿ ಹೋಗಿ ಸಾಕಾದೆ!" ಅತ್ತೆಗೆ ಇದನ್ನು ಹೇಳಿದರೆ, ಅವಳು ಹೆಮ್ಮೆಯಿಂದ ತಲೆಯಾಡಿಸಿದಳು.

ನನಗೆ ನಗು ನಿಂತದ್ದು ಕಳೆದ ಬೇಸಿಗೆಯಲ್ಲಿ. ಪೆದ್ದೆಮುಲ್ಲಿಗೆ ಒಂದು ಮದುವೆಗೆ ಹೋದವನು ತಾಂಡೂರಿನ ಬಸ್ಸು ತಪ್ಪಿಸಿಕೊಂಡು ಸುಡುಬಿಸಿಲಲ್ಲಿ ನಿಂತಿದ್ದೆ. ಅತ್ತೆಯ ಬೈಕು ಬಂತು. ನಮ್ಮ ಮನೆಗೇ ಹೊರಟಿದ್ದಳು. ನಾನು ಹತ್ತಲು ಹೋದರೆ ತಡೆದಳು. ಆಮೇಲೆ ಹಿಂದಕ್ಕೆ ತಿರುಗಿ ಖಾಲಿ ಸೀಟಿಗೆ, "ಜರಾ ಹಿಂದ ಸರೀರಿ. ನಮ್ಮ ಹುಡುಗ, ಬಿಸಿಲಾಗ ನಿಂತಾನ" ಅಂದಳು. ನಲವತ್ತೈದು ದಾಟಿದ ಹುಡುಗ ನಾನು ಹತ್ತಿ ಕೂತೆ. ಮುಂದೆ ಅತ್ತೆ. ಹಿಂದೆ ಯಾರು? ಯಾರೂ ಇಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಸ್ವಲ್ಪ ಜಾಗ ಬಿಟ್ಟೇ ಕೂತೆ.

ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಎರಡೂ ಕಡೆ ತೊಗರಿ ಕಿತ್ತ ಬೋಳು ಹೊಲ, ಅಲ್ಲಲ್ಲಿ ನಿಲ್ಲಿಸಿಟ್ಟ ಚಪ್ಪಡಿ ಕಲ್ಲುಗಳು. ಗಾಳಿ ಸತ್ತಿತ್ತು. ಎರಡು ಮೈಲಿ ಹೋಗಿರಬೇಕು, ನನ್ನ ಬೆನ್ನ ಹಿಂದೆ, ಸ್ಪಷ್ಟವಾಗಿ, ಯಾರೋ "ಹ್ಞೂಂ..." ಅಂದರು.

ನಾನು ತಿರುಗಿ ನೋಡಲಿಲ್ಲ. ನೀವಾಗಿದ್ದರೆ ನೋಡುತ್ತಿದ್ದಿರಾ?

ಸ್ವಲ್ಪ ಹೊತ್ತಿಗೆ ಬಲಗಾಲಿನ ಹರಡಿಗೆ ಬಿಸಿ ತಾಗತೊಡಗಿತು, ಯಾರೋ ಹತ್ತಿರದಿಂದ ಉಸಿರು ಬಿಟ್ಟ ಹಾಗೆ. ಆಮೇಲೆ ವಾಸನೆ. ಆ ವಾಸನೆ ನನಗೆ ಗೊತ್ತು. ಕರುಗಳ ಮೊಳಕೆ ಕೊಂಬನ್ನು ಸುಟ್ಟು ಬಂದ ದಿನ ಮಾವನ ಅಂಗಿ ಹೀಗೆಯೇ ನಾರುತ್ತಿತ್ತು. ಸುಟ್ಟ ಕೊಂಬಿನ ವಾಸನೆ, ಆ ಬಯಲಿನಲ್ಲಿ, ನನ್ನ ಬೆನ್ನ ಹಿಂದೆ! ಗೊತ್ತಿದ್ದ ವಚನ ಒಂದೂ ನೆನಪಿಗೆ ಬರಲಿಲ್ಲ. ಕಣ್ಣು ಮುಚ್ಚಿಕೊಂಡು 'ಓಂ ನಮಃ ಶಿವಾಯ' ಅಂದುಕೊಳ್ಳುತ್ತಾ ಕೂತೆ.

ಒಂದು ಹುಣಸೆಮರದ ಕೆಳಗೆ ಬೈಕು ತಾನಾಗಿಯೇ ನಿಂತಿತು. ಅತ್ತೆ ಇಳಿದು, ಬೈಕಿಗೆ ಬೆನ್ನು ಮಾಡಿ ನಿಂತಳು. "ನೀನೂ ಆ ಕಡಿ ಮಾರಿ ಮಾಡು" ಅಂದಳು.

"ಯಾಕತ್ತಿ?"

"ನಿಮ್ಮ ಮಾಮಾ ಇಳದಾರ. ಮೊದಲಿಂದಾನೂ ಇಲ್ಲೇ ನಿಂದರಸ್ತಿದ್ರು. ನಾಚಿಕಿ ಇಲ್ಲೇನು ನಿನಗ?"

ಸತ್ತವರಿಗೂ ಒಂದಕ್ಕೆ ಬರುತ್ತದೆಯೇ ಎಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಆ ಕಡೆ ಮುಖ ಮಾಡಿ ನಿಂತೆ. ಹತ್ತು ನಿಮಿಷ ಬಿಟ್ಟು ಹೊರಟರೆ ಬೈಕು ಹಗುರ! ಅಷ್ಟರೊಳಗೆ ಮಾತ್ರ ನಾನೊಂದು ಕೆಲಸ ಮಾಡಿದ್ದೆ. ಅತ್ತೆ ನೋಡದ ಹಾಗೆ ಹಿಂದಿನ ಗಾಲಿಯ ನಡುವಿನ ಡ್ರಮ್ಮನ್ನು ಮುಟ್ಟಿದ್ದೆ. ಬೆರಳು ಚುರ್ ಅಂದಿತು. ನನಗೆ ಅರ್ಧ ಸಮಾಧಾನವಾಯಿತು. ಬ್ರೇಕ್ ಬಿಡದೆ ಹಿಡಿದುಕೊಂಡರೆ ಒಳಗಿನ ಲೈನರ್ ಉಜ್ಜಿ ಉಜ್ಜಿ ಕಾಯುತ್ತದೆ, ನಾರುತ್ತದೆ, ನರಳುತ್ತದೆ. ತಣ್ಣಗಾದರೆ ಸ್ವಲ್ಪ ಬಿಡುತ್ತದೆ. ದೆವ್ವವಲ್ಲ, ಬ್ರೇಕು. ಆದರೆ ಆ ಬ್ರೇಕನ್ನು ಹಿಡಿದಿರುವುದು ಯಾವುದು ಎಂಬ ಉಳಿದರ್ಧ ನನ್ನನ್ನು ರಾತ್ರಿ ಮಲಗಗೊಡಲಿಲ್ಲ.

ಮನೆಗೆ ಬಂದಮೇಲೆ ಹೇಳಿದೆ. "ಅತ್ತಿ, ಬ್ರೇಕ್ ಹಿಡಕೊಂಡದ. ಬಿಚ್ಚಿ ನೋಡ್ತೀನಿ."

"ಮುಟ್ಟಬ್ಯಾಡ" ಅಂದಳು. ಬೈಕಿಗೂ ನನಗೂ ನಡುವೆ ಬಂದು ನಿಂತಳು. "ನೀ ಬಿಗಿ ಬಿಡಿಸಿದ್ರ ಅವರು ಇಳದು ಹೋಗ್ತಾರ."

ಅಷ್ಟು ಹೇಳಿದ ಮೇಲೆ ಸ್ಪ್ಯಾನರು ಹಿಡಿಯಲು ನನಗೆ ಮನಸ್ಸಾಗಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಆಗಬಾರದ್ದು ಆಯಿತು. ಜಹೀರಾಬಾದಿನ ಪೇಟೆಯಲ್ಲಿ ಹಿಂದಿನ ಗಾಲಿ ಒಮ್ಮೆಲೇ ಕಚ್ಚಿಕೊಂಡು, ಬೈಕು ಜಾರಿ, ಅತ್ತೆ ಬಸ್ಸಿನ ಮುಂದೆ ಬಿದ್ದಳು. ಬಸ್ಸಿನವನು ಪುಣ್ಯಾತ್ಮ, ಒಂದು ಮೊಳ ಈಚೆಗೆ ನಿಲ್ಲಿಸಿದ. ಮೊಣಕೈ ತರಚಿತು, ಅಷ್ಟೆ. ಅತ್ತೆಯ ಮಗ ಬಸವಣ್ಣನಂಥ ಸಾಧು, ಅವತ್ತು ಮಾತ್ರ ಗುಡುಗಿದ. ಮಿಸ್ತ್ರಿಯನ್ನು ಮನೆಗೇ ಕರೆಸಿದ. ಮಿಸ್ತ್ರಿ ಬ್ರೇಕ್ ರಾಡಿನ ನಟ್ಟನ್ನು ಮೂರು ಸುತ್ತು ಸಡಿಲಿಸಿದ. ಓಣಿಯ ತುದಿ ಮುಟ್ಟುವುದರೊಳಗೆ ಬ್ರೇಕು ಮತ್ತೆ ಹಿಡಿಯಿತು. ಇನ್ನೂ ಮೂರು ಸುತ್ತು ಸಡಿಲಿಸಿದ. ಮತ್ತೆ ಹಿಡಿಯಿತು! ಡ್ರಮ್ಮು ಬಿಚ್ಚಿದ, ಒಳಗೆಲ್ಲ ಒರೆಸಿದ, ಎಲ್ಲ ಸರಿ ಇದೆ ಅಂದ. ಮುಚ್ಚಿದ. ಮತ್ತೆ ಹಿಡಿಯಿತು. ಮಿಸ್ತ್ರಿ ಕೈ ಒರೆಸಿಕೊಂಡು, ದೂರ ಸರಿದು ನಿಂತು ಹೇಳಿದ: "ಅಮ್ಮಾ, ಗಾಡಿದಾಗ ಖರಾಬಿ ಏನೂ ಇಲ್ರೀ. ಇದು ನಟ್ಟಿನ ಕೆಲಸ ಅಲ್ಲ, ನಿಂಬಿಕಾಯಿ ಕೆಲಸ." ಹ್ಯಾಂಡಲ್ಲಿಗೆ ಒಂದು ನಿಂಬೆಕಾಯಿ ಕಟ್ಟಿ ಹೋದ. ಅತ್ತೆ ಗೆದ್ದವಳಂತೆ ಅಲ್ಲಿದ್ದವರನ್ನೆಲ್ಲ ನೋಡಿದಳಂತೆ.

ಮಗ ಕೇಳಲಿಲ್ಲ. "ಅಮಾಸಿ ದಾಟಲಿ, ಗುಜರಿಗಿ ಹಾಕ್ತೀನಿ. ಅಪ್ಪ ಹೋದ್ರು, ಈಗ ಅವ್ವನೂ ಹೋಗಬೇಕೇನು?" ಅಂದ. ತಪ್ಪೇನು ಹೇಳಿ? ಅತ್ತೆ ಬೈಕಿನ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತಳು. ಹಳ್ಳಿಯಿಂದ ಫೋನು ಬಂದರೂ ಎತ್ತಲಿಲ್ಲ. ನನಗೆ ಸುದ್ದಿ ಮುಟ್ಟಿತು. ನನ್ನ ಹನ್ನೆರಡು ಸ್ಪ್ಯಾನರುಗಳ ಚೀಲ ಹೆಗಲಿಗೇರಿಸಿ ಜಹೀರಾಬಾದಿಗೆ ಹೋದೆ.

"ಬಿಚ್ಚೂದಿಲ್ಲ ಅತ್ತಿ. ಬರೇ ನೋಡ್ತೀನಿ" ಎಂದು ಆಣೆ ಮಾಡಿದ ಮೇಲೆ ಪಕ್ಕಕ್ಕೆ ಸರಿದಳು.

ಹೊತ್ತು ಇಳಿಯುತ್ತಿತ್ತು. ಬೈಕನ್ನು ಅಂಗಳದ ನಡುವೆ ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ ಹಿಂದಿನ ಗಾಲಿ ತಿರುಗಿಸಿದೆ. "ಹ್ಞೂಂ..." ಅಂದು ಅರ್ಧ ಸುತ್ತಿಗೆ ನಿಂತಿತು. ಚಾವಿ ಹಾಕಿದೆ. ಹಿಂದಿನ ದೀಪ ಕೆಂಪಗೆ ಹೊತ್ತಿಕೊಂಡಿತು. ಸೀಟಿನ ಮೇಲೆ ಯಾರೂ ಇಲ್ಲ, ಪೆಡಲಿನ ಮೇಲೆ ಯಾರ ಕಾಲೂ ಇಲ್ಲ. ದೀಪ ಮಾತ್ರ ಉರಿಯುತ್ತಿದೆ. ಆಗ ನನಗೆ ಹೊಳೆಯಿತು. ಈ ದೀಪ ಹೊತ್ತಬೇಕಾದರೆ ಪೆಡಲ್ ಕೆಳಗಿಳಿದಿರಬೇಕು. ಮಿಸ್ತ್ರಿ ಗಾಲಿಯ ಕಡೆ ಹುಡುಕಿದ್ದ. ಹುಡುಕಬೇಕಾದದ್ದು ಕಾಲಿನ ಕಡೆ!

ಬಗ್ಗಿ ನೋಡಿದೆ. ಪೆಡಲ್ ಒತ್ತಿದ ಹಾಗೆ ಕೆಳಗಿತ್ತು. ನನ್ನ ಕಾಲಿನ ಬೆರಳು ಅದರಡಿಗೆ ಕೊಟ್ಟು ಮೆಲ್ಲಗೆ ಎತ್ತಿದೆ. ದೀಪ ಆರಿತು. ಗಾಲಿ ತಿರುಗಿಸಿದರೆ ಸರಾಗವಾಗಿ ತಿರುಗಿತು. ಬೆರಳು ತೆಗೆದೆ. ಪೆಡಲ್ ನಿಧಾನವಾಗಿ, ಅವಸರವಿಲ್ಲದೆ, ಯಾರೋ ಪಾದ ಇಟ್ಟ ಹಾಗೆ ಕೆಳಗಿಳಿಯಿತು. ದೀಪ ಹೊತ್ತಿತು. ಗಾಲಿ ನಿಂತಿತು. ಇನ್ನೊಮ್ಮೆ ಮಾಡಿದೆ. ಮತ್ತೆ ಹಾಗೇ ಇಳಿಯಿತು.

"ಕಂಡಿತಾ?" ಅಂದಳು ಅತ್ತೆ ಹೊಸ್ತಿಲಿಂದ, ಪಿಸುಮಾತಿನಲ್ಲಿ.

ನಾನು ಪೆಡಲನ್ನು ಹಿಡಿದೆ. ಯಾಕೋ ವಿಪರೀತ ದಪ್ಪ ಅನಿಸಿತು. ಜಹೀರಾಬಾದಿನ ಕೆಮ್ಮಣ್ಣು, ತಾಂಡೂರಿನ ಕಲ್ಲಿನ ಪುಡಿ ಪದರಪದರವಾಗಿ ಅಂಟಿ ಗಟ್ಟಿಯಾಗಿತ್ತು. ಸ್ಕ್ರೂಡ್ರೈವರಿನಿಂದ ಕೆರೆಯುತ್ತಾ ಹೋದೆ. ಮಣ್ಣಿನ ಕೆಳಗೆ ಹಳೆಯ ಸೈಕಲ್ ಟ್ಯೂಬಿನ ರಬ್ಬರು ಸುತ್ತಿತ್ತು. ರಬ್ಬರಿನ ಮೇಲೆ ಸಾಲಾಗಿ ಹೊಲಿಗೆ.

"ಅತ್ತಿ, ಬ್ರೇಕಿಗಿ ಯಾರು ಹೊಲಿಗಿ ಹಾಕ್ಯಾರ?"

ಅತ್ತೆ ಎದ್ದು ಬಂದಳು. ಕೂತಳು. ಬೆರಳಿನಿಂದ ಹೊಲಿಗೆಗಳನ್ನು ಒಂದೊಂದಾಗಿ ಮುಟ್ಟಿದಳು. ಪ್ರತಿ ಹೊಲಿಗೆಯೂ ಬೇರೆ, ಪ್ರತಿಯೊಂದಕ್ಕೂ ತನ್ನದೇ ಗಂಟು, ಗಂಟುಗಳೆಲ್ಲ ಎಡಕ್ಕೆ ವಾಲಿದ್ದವು. ಕೊಂಬಿನಿಂದ ತಿವಿಸಿಕೊಂಡ ಎತ್ತಿನ ಹೊಟ್ಟೆಗೆ ಮಾವ ಹೀಗೆಯೇ ಹೊಲಿಯುತ್ತಿದ್ದರು. ಆಗೆಲ್ಲ ದಾರ ಪೋಣಿಸಿ ಕೊಟ್ಟವಳು ಅತ್ತೆಯೇ.

"ಇದು ಅವರ ಕೈ" ಅಂದಳು.

ಕತ್ತರಿ ಹಾಕಲು ನನಗೆ ಬಿಡಲಿಲ್ಲ. ಆ ತೆಳ್ಳನೆಯ ಬೆರಳುಗಳಿಂದ ತಾನೇ ಗಂಟು ಬಿಡಿಸಿದಳು. ಒಳಗೆ ಎತ್ತಿನ ಕಾಲಿಗೆ ಹೊಡೆಯುವ ಕಬ್ಬಿಣದ ಲಾಳ ಇತ್ತು. ಒಂದರ ಮೇಲೊಂದು, ನಾಲ್ಕು. ತಂತಿಯಿಂದ ಬಿಗಿದು ಪೆಡಲಿಗೆ ಕಟ್ಟಿದ್ದರು. ಪೆಡಲು ಹಿಂದಕ್ಕೆ, ಪಾದ ಊರುವ ಕಡೆಗೆ, ಒಂದು ಅಂಗುಲ ಉದ್ದವಾಗಿತ್ತು. ಅಷ್ಟು ಕಬ್ಬಿಣವನ್ನು ಹೊತ್ತು ಹೊತ್ತು, ಪೆಡಲನ್ನು ಮೇಲಕ್ಕೆ ಎಳೆಯುವ ಸ್ಪ್ರಿಂಗು ಸೋತುಹೋಗಿತ್ತು. ನಟ್ಟು ಎಷ್ಟು ಸಡಿಲಿಸಿದರೂ ಪೆಡಲು ಆ ಭಾರಕ್ಕೆ ಅಷ್ಟೇ ಕೆಳಗಿಳಿದು ಬ್ರೇಕು ಹಿಡಿಯುತ್ತಿತ್ತು. ಇಷ್ಟೇ ರೋಗ!

ರೋಗ ತಿಳಿದ ಖುಷಿಯಲ್ಲಿ ನಾನು ಹೇಳಿಬಿಟ್ಟೆ. "ಮಾಮಾನ ಕಾಲೇ ಅಷ್ಟುದ್ದ. ಅವರಿಗೆ ಇದು ಯಾಕ ಬೇಕಾಗಿತ್ತತ್ತಿ?"

ಹೇಳಿ ಮುಗಿಸುವುದರೊಳಗೆ ನನಗೇ ತಿಳಿಯಿತು.

ಅತ್ತೆ ಲಾಳ ಹಿಡಿದುಕೊಂಡು ಹೇಳತೊಡಗಿದಳು. "ಕಡೀ ಕಡೀಕ ದಿನಾ ಮಧ್ಯಾಹ್ನ ಮಜ್ಜಿಗಿ ಬೇಕು ಅಂತಿದ್ರು. ಮನಿದು ಬ್ಯಾಡ, ಆಚಿ ಓಣಿ ಗೌಡ್ತಿ ಮನಿದೇ ಬೇಕು. ನಾ ತಗೊಂಡ ಬರೂದ್ರಾಗ ಇಲ್ಲೇ, ಗಾಡಿ ಬಾಜೂಕ ಮಣಿ ಮ್ಯಾಲ ಕುಂತಿರ್ತಿದ್ರು. ಏದುಸಿರು ಬಿಡ್ತಿದ್ರು, ಕೈ ಒರಸಕೋತಿದ್ರು. ಮಜ್ಜಿಗಿ ಬಾಯಿಗಿ ಹಚ್ತಿದ್ದಿಲ್ಲ. ನಾ ಬೈದೆ ತಮ್ಮಾ. ಕುಡಿಯಾಂಗಿದ್ದಿಲ್ಲಂದ್ರ ಯಾಕ ಓಡಾಡಸ್ತೀರಿ ಅಂತ ದಿನಾ ಬೈದೆ."

ಥಟ್ಟನೆ ಎದ್ದು ಬೈಕಿನ ಸೀಟಿನ ಮುಂಭಾಗ ತಡವಿದಳು. ಅಲ್ಲೊಂದು ತಗ್ಗಿತ್ತು. ಮೂವತ್ತು ವರ್ಷ ಮಾವ ಕೂತು ಕೂತು ಬಿದ್ದ ತಗ್ಗು ಎಂದು ಅವಳೇ ನಮಗೆಲ್ಲ ಹೇಳುತ್ತಿದ್ದಳು. ಕವರಿನ ಅಂಚು ಮಡಚಿದರೆ ಅಲ್ಲೂ ಅದೇ ಹೊಲಿಗೆ, ಎಡಕ್ಕೆ ವಾಲಿದ ಗಂಟು. ಒಳಗಿನ ಸ್ಪಂಜನ್ನು ಚಾಕುವಿನಿಂದ ನೀಟಾಗಿ ಕೊಯ್ದು ತೆಗೆದಿದ್ದರು, ನಾಲ್ಕೂವರೆ ಅಡಿಯ ಹೆಂಗಸಿನ ಕಾಲು ನೆಲಕ್ಕೆ ಎಟುಕುವಷ್ಟು.

ಮೂವತ್ತು ವರ್ಷ 'ಕಾಲು ಮುಟ್ಟಲಿ' ಎಂದು ಅಣಕಿಸಿದ ಮನುಷ್ಯ ಸಾಯುವ ಮುಂಚೆ ಬ್ರೇಕನ್ನೇ ತಂದು ಅವಳ ಕಾಲಿಗೆ ಮುಟ್ಟಿಸಿ ಹೋಗಿದ್ದರು. ಹೇಳಲಿಲ್ಲ, ಹೇಳುವ ಸ್ವಭಾವವೂ ಅಲ್ಲ. ನನಗೆ ದುಃಖ ಉಕ್ಕಿ ಬಂತು. ಸ್ಪ್ಯಾನರು ಹುಡುಕುವ ನೆಪದಲ್ಲಿ ಚೀಲದೊಳಗೆ ಮುಖ ಹಾಕಿದೆ. ಅತ್ತೆ ಮಾತ್ರ ನಾಚಿಕೆಯಿಲ್ಲದೆ ಅತ್ತಳು. "ಫೋಟೋಕ ಕಾಲು ತೋರ್ಸಿದೆನಲ್ಲೋ ನಾ! ಸುಳ್ಳ ಹೇಳಿದ್ರಿ ಅಂದೆನಲ್ಲೋ!"

ಮರುದಿನ ಮಿಸ್ತ್ರಿ ಒಂದು ದಪ್ಪ ಸ್ಪ್ರಿಂಗು ತಂದ. ಲಾಳಗಳನ್ನು ಇದ್ದಲ್ಲೇ ಬಿಗಿದೆವು, ಅತ್ತೆ ರಬ್ಬರಿಗೆ ತಾನೇ ಹೊಲಿಗೆ ಹಾಕಿದಳು, ಗಂಟುಗಳನ್ನು ಎಡಕ್ಕೆ ವಾಲಿಸಿ. ಮಿಸ್ತ್ರಿ ತನ್ನ ನಿಂಬೆಕಾಯಿಯನ್ನು ತಾನೇ ಬಿಚ್ಚಿ ಜೇಬಿಗೆ ಹಾಕಿಕೊಂಡ. ಗಾಲಿ ತಿರುಗಿಸಿದರೆ ತಿರುಗುತ್ತಲೇ ಇತ್ತು. ನಾವು ಮೂವರೂ ಕಿವಿಗೊಟ್ಟೆವು. 'ಹ್ಞೂಂ' ಬರಲಿಲ್ಲ. ಅತ್ತೆ ಇನ್ನೂ ಸ್ವಲ್ಪ ಹೊತ್ತು ಕಾದಳು.

"ಇಳದ್ರು" ಅಂದಳು.

ನಾನು ಏನೋ ದೊಡ್ಡ ತಪ್ಪು ಮಾಡಿದವನ ಹಾಗೆ ನಿಂತಿದ್ದೆ. ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ರಾಯಿಕೋಡಿನ ಕಡೆಯದು, ಕರು ಅಡ್ಡ ಬಿದ್ದಿದೆ. ಅತ್ತೆ ಕಣ್ಣೊರೆಸಿಕೊಂಡು ಕಚ್ಚೆ ಹಾಕಿದಳು. ಮಗ ಬಾಗಿಲಲ್ಲಿ ನಿಂತಿದ್ದವನು ಚಾವಿ ತಂದು ಕೈಗೆ ಕೊಟ್ಟ. ಹತ್ತುವ ಮುಂಚೆ ಅವಳು ಬಗ್ಗಿ ಪೆಡಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಕಾಲು ಇಡಬೇಕಲ್ಲ ಅದರ ಮೇಲೆ.

ನಾನು ಮಿಸ್ತ್ರಿಯ ಬೈಕಿನ ಹಿಂದೆ ಕೂತು ಪೆಟ್ರೋಲ್ ಪಂಪಿನವರೆಗೆ ಜೊತೆಗೆ ಹೋದೆ. ಗಾಳಿ ಹಾಕುವವನು ಅವಳನ್ನು ಕಂಡು ರೂಢಿಯಂತೆ ಕೇಳಿದ. "ಇಬ್ಬರದಲ್ರೀ ಅಮ್ಮಾರ?"

ಅತ್ತೆ ಹಿಂದಿನ ಸೀಟು ನೋಡಿದಳು. ಅಲ್ಲಿಗೆ ಅಂಗೈ ಇಟ್ಟು, ತೆಗೆದಳು.

"ಇಲ್ರೀ. ಒಬ್ಬಾಕಿದ ಹಾಕ್ರಿ."

ಹೊರಟಳು. ಬೈಕು ಹಗುರವಾಗಿ ಓಡುತ್ತಿತ್ತು. ಹಿಂದಿನ ದೀಪ ಆರಿತ್ತು. ನಾನು ನೋಡುತ್ತಾ ನಿಂತೆ. ದೂರದ ತಿರುವಿನಲ್ಲಿ ಕುರಿಗಳ ಹಿಂಡೊಂದು ರಸ್ತೆಗೆ ಅಡ್ಡ ಬಂತು. ಕೆಂಪು ದೀಪ ಒಮ್ಮೆ ಹೊತ್ತಿತು. ಬೈಕು ನಿಂತಿತು. ಕುರಿಗಳು ದಾಟಿದವು. ದೀಪ ಆರಿತು, ಅತ್ತೆ ಮುಂದೆ ಹೋದಳು.

ಕಾಲು ಮುಟ್ಟಿತ್ತು.